ನೈಸರ್ಗಿಕ ಕಾನೂನು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯದ ಮಾತು ತೆಗೆದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವವು ಆಮೇಲೆ. ಒಂದನ್ನು ಓದಲು ಇನ್ನೊಂದನ್ನು ಓದಿರಬೇಕು ಅಂತೇನಿಲ್ಲ.

## ಮೊದಲ ಹೆಜ್ಜೆ

ನೈಸರ್ಗಿಕ ಕಾನೂನು ಅಂದ್ರೆ ಏನು, ಸ್ವಲ್ಪದರಲ್ಲಿ ಹೇಳಿ?

ಸರಿ ತಪ್ಪು ಅನ್ನುವುದು ಯಾರೋ ಬರೆದಿಟ್ಟಿದ್ದರಿಂದ ಮಾತ್ರ ಹುಟ್ಟುವುದಿಲ್ಲ. ಅದಕ್ಕೆ ಬೇರು ಮನುಷ್ಯ ಎಂಥವನು, ಅವನಿಗೆ ಯಾವುದು ಒಳ್ಳೆಯದು ಅನ್ನುವುದರಲ್ಲಿದೆ. ಯೋಚಿಸುವ ಶಕ್ತಿ ಇರುವ ಯಾರಿಗಾದರೂ ಅದು ಎಟುಕುತ್ತದೆ. ಈ ನಂಬಿಕೆಗೆ ನೈಸರ್ಗಿಕ ಕಾನೂನು ಅಂತ ಹೆಸರು.

ಇದರೊಳಗೆ ಎರಡು ಮಾತುಗಳಿವೆ. ಒಂದು ನೀತಿಯದು: ಒಳ್ಳೆಯದಕ್ಕೆ ನಮ್ಮ ಇಷ್ಟಾನಿಷ್ಟವನ್ನು ಮೀರಿದ ಕಾರಣಗಳಿವೆ. ಇನ್ನೊಂದು ಕಾನೂನಿನದು: ಸರ್ಕಾರ ಮಾಡುವ ಕಾನೂನು ಆ ಕಾರಣಗಳಿಗೆ ಉತ್ತರ ಕೊಡಬೇಕು. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವವರೂ ಇದ್ದಾರೆ. ಜಗಳಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಈ ಎರಡನ್ನೂ ಕಲಸಿಬಿಡುವುದರಿಂದ.

ನ್ಯೂಟನ್ ನಿಯಮದ ಥರ ಇದೂ ಪ್ರಕೃತಿಯ ನಿಯಮನಾ?

ಅಲ್ಲ. ಮೇಲಿಂದ ಬಿಟ್ಟ ಕಲ್ಲು "ಇವತ್ತು ಬೀಳಲ್ಲ" ಅನ್ನಲಾರದು. ಮನುಷ್ಯ ಅನ್ನಬಲ್ಲ. ನೈಸರ್ಗಿಕ ಕಾನೂನನ್ನು ಮುರಿಯಬಹುದು, ದಿನಾ ಮುರಿಯುತ್ತಲೇ ಇರುತ್ತೇವೆ. ಮುರಿದರೂ ಅದು ಸುಳ್ಳಾಗುವುದಿಲ್ಲ. ಭೌತಶಾಸ್ತ್ರದ ನಿಯಮವನ್ನು ಯಾವುದಾದರೂ ಮುರಿದರೆ ನಿಯಮವನ್ನೇ ತಿದ್ದಬೇಕು. ಇಲ್ಲಿ ತಿದ್ದಿಕೊಳ್ಳಬೇಕಾದವರು ಮುರಿದವರು.

'ನೈಸರ್ಗಿಕ' ಅಂದ್ರೆ ಪ್ರಾಣಿಗಳು ಮಾಡೋದೆಲ್ಲ ಸರಿ ಅಂತಾನಾ?

ಈ ಗೊಂದಲಕ್ಕೆ ಹಳೆಯ ಕಾರಣವೊಂದಿದೆ. ರೋಮನ್ ಕಾನೂನು ಪಂಡಿತ ಉಲ್ಪಿಯನ್, ನಿಸರ್ಗವು ಎಲ್ಲ ಪ್ರಾಣಿಗಳಿಗೂ ಕಲಿಸಿದ್ದೇ ನೈಸರ್ಗಿಕ ಕಾನೂನು ಅಂದುಬಿಟ್ಟ. ಗಂಡುಹೆಣ್ಣು ಕೂಡುವುದು, ಮರಿಗಳನ್ನು ಸಾಕುವುದು, ಇಂಥವು. ಆ ಮಾತು 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಕಾನೂನು ಸಂಗ್ರಹಕ್ಕೂ ಸೇರಿತು. ಅಲ್ಲಿಂದ ಸಾವಿರ ವರ್ಷ ಪಾಠ ಹೇಳುವವರ ಬಾಯಲ್ಲಿ ಉಳಿಯಿತು.

ಆದರೆ ಈ ಪರಂಪರೆಯ ಮುಖ್ಯ ಧಾರೆ ಹಿಡಿದದ್ದು ಬೇರೆ ದಾರಿ. ಅದರ ಪ್ರಕಾರ ಮನುಷ್ಯನ ಸ್ವಭಾವದ ವಿಶೇಷವೇ ಯೋಚಿಸುವುದು. ಹಾಗಾಗಿ 'ಸ್ವಭಾವಕ್ಕೆ ತಕ್ಕಂತೆ' ಅಂದರೆ 'ವಿವೇಕಕ್ಕೆ ತಕ್ಕಂತೆ'. ಕನ್ನಡಕ ಗಿಡದಲ್ಲಿ ಬೆಳೆಯುವುದಿಲ್ಲ, ಹಾಗಂತ ಹಾಕಿಕೊಳ್ಳುವುದು ತಪ್ಪಲ್ಲ. ಸಿಡುಬು ಪೂರ್ತಿ ನೈಸರ್ಗಿಕವೇ, ಹಾಗಂತ ಅದು ಒಳ್ಳೆಯದಲ್ಲ. ಅಂಗಡಿಯ ಡಬ್ಬಿಗಳ ಮೇಲೆ 'ನೈಸರ್ಗಿಕ' ಅಂತ ಅಚ್ಚು ಹಾಕಿರುತ್ತಾರಲ್ಲ, ಆ ಅರ್ಥವನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ.

ಕೋರ್ಟ್‌ಗಳಲ್ಲಿ ಹೇಳೋ 'ಸಹಜ ನ್ಯಾಯ' ಇದೇನಾ?

ಹೆಸರು ಹತ್ತಿರದ್ದು, ವಿಷಯ ಬೇರೆ. ಸಹಜ ನ್ಯಾಯ ಅಂದರೆ ವಿಚಾರಣೆ ನಡೆಸುವ ರೀತಿಗೆ ಸಂಬಂಧಿಸಿದ ಎರಡು ಸೂತ್ರಗಳು. ತನ್ನ ಸ್ವಂತ ವ್ಯಾಜ್ಯಕ್ಕೆ ಯಾರೂ ತಾವೇ ನ್ಯಾಯಾಧೀಶರಾಗಬಾರದು. ಇನ್ನೊಂದು ಕಡೆಯವರ ಮಾತು ಕೇಳದೆ ತೀರ್ಪು ಕೊಡಬಾರದು. ಇವನ್ನು ಪಾಲಿಸಲು ಯಾವ ತತ್ವಶಾಸ್ತ್ರವನ್ನೂ ಒಪ್ಪಬೇಕಿಲ್ಲ. ಯಾವ ಕಾಯ್ದೆಯಲ್ಲೂ ಬರೆದಿರದಿದ್ದರೂ ಇವು ಇದ್ದೇ ಇರಬೇಕು ಅಂತ ನಮಗೆ ಅನ್ನಿಸುತ್ತದಲ್ಲ, ಆ ಅನ್ನಿಸಿಕೆ ಮಾತ್ರ ನೈಸರ್ಗಿಕ ಕಾನೂನಿನ ಮನೆಯಿಂದಲೇ ಬಂದದ್ದು.

ಇದು 'ಧರ್ಮ' ಅನ್ನೋ ಮಾತೇ ಅಲ್ವಾ? ಹೊಸದೇನಿದೆ?

ಪೂರ್ತಿ ಅಲ್ಲ. ರಾಜನ ಮಾತಿಗಿಂತ ಮೇಲೊಂದು ಅಳತೆಗೋಲು ಇದೆ ಅನ್ನುವಷ್ಟರ ಮಟ್ಟಿಗೆ ಎರಡೂ ಒಂದೇ. ಅಹಿಂಸೆ, ಸತ್ಯ, ಕದಿಯದಿರುವುದು ಮುಂತಾಗಿ ಎಲ್ಲರಿಗೂ ಸಲ್ಲುವ ಸಾಧಾರಣ ಧರ್ಮ ಅಂತ ಏನಿದೆಯೋ ಅದು ಇನ್ನೂ ಹತ್ತಿರ. ಆದರೆ ಧರ್ಮಶಾಸ್ತ್ರದ ಬಹುಭಾಗ ಹುಟ್ಟು, ಆಶ್ರಮ ನೋಡಿ ಒಬ್ಬೊಬ್ಬರಿಗೆ ಒಂದೊಂದು ಕರ್ತವ್ಯ ಹಂಚುತ್ತದೆ. ನೈಸರ್ಗಿಕ ಕಾನೂನಿನ ಹೆಗ್ಗಳಿಕೆಯೇ ಮನುಷ್ಯ ಅಂತ ಇರುವವರೆಲ್ಲರಿಗೂ ಅದು ಒಂದೇ ಅನ್ನುವುದು. ಆ ಹೆಗ್ಗಳಿಕೆಯನ್ನು ಅದು ಎಷ್ಟರಮಟ್ಟಿಗೆ ಉಳಿಸಿಕೊಂಡಿತು ಅನ್ನುವುದನ್ನು ಗುಲಾಮಗಿರಿಯ ಪ್ರಶ್ನೆಯಲ್ಲಿ ನೋಡಿ.

## ಬಂದ ದಾರಿ

ಇದನ್ನ ಶುರು ಮಾಡಿದ್ದು ಯಾರು?

ಒಬ್ಬರ ಹೆಸರು ಹೇಳಲಾಗದು. ಸಾಮಾನ್ಯವಾಗಿ ತೋರಿಸುವ ಮೊದಲ ದೃಶ್ಯ ಗ್ರೀಕ್ ನಾಟಕದ್ದು. ಸೊಫೋಕ್ಲಿಸ್‌ನ ಆಂಟಿಗನಿ ತನ್ನ ಅಣ್ಣನ ಹೆಣಕ್ಕೆ ಮಣ್ಣು ಕೊಡುತ್ತಾಳೆ. ರಾಜ ಬೇಡ ಅಂದಿರುತ್ತಾನೆ. ನಿನ್ನ ಅಪ್ಪಣೆಗಿಂತ ಬರೆಯದ ಕಟ್ಟಳೆಗಳು ದೊಡ್ಡವು, ಅವು ಇವತ್ತಿನವೂ ಅಲ್ಲ ನಿನ್ನೆಯವೂ ಅಲ್ಲ ಅನ್ನುತ್ತಾಳೆ. ಮುಂದೆ ಅರಿಸ್ಟಾಟಲ್ ಈ ಸಾಲುಗಳನ್ನೇ ಎತ್ತಿ ಉದಾಹರಣೆ ಕೊಟ್ಟ. ತಮಾಷೆ ಏನೆಂದರೆ, ಅವನು ಅದನ್ನು ಹೇಳುವುದು ವಾಕ್ಚಾತುರ್ಯದ ಪುಸ್ತಕದಲ್ಲಿ. ಬರೆದ ಕಾನೂನು ನಿಮ್ಮ ಕೇಸಿಗೆ ವಿರುದ್ಧವಾಗಿದ್ದರೆ ಈ ವಾದ ಹೂಡಿ ಅಂತ ವಕೀಲಿ ಬುದ್ಧಿ ಹೇಳುತ್ತಾನೆ! ಕಾನೂನು ನಿಮ್ಮ ಪರವಾಗಿದ್ದರೆ ಏನು ವಾದಿಸಬೇಕು ಅಂತಲೂ ಅದರ ಬೆನ್ನಿಗೇ ಇದೆ.

ಇದನ್ನು ನಿಜವಾಗಿ ಸಿದ್ಧಾಂತವಾಗಿ ಬೆಳೆಸಿದವರು ಸ್ಟೋಯಿಕ್ ಪಂಥದವರು. ಜಗತ್ತನ್ನೆಲ್ಲ ಒಂದು ವಿವೇಕ ನಡೆಸುತ್ತಿದೆ, ಅದರ ಒಂದು ಕಿಡಿ ಪ್ರತಿ ಮನುಷ್ಯನಲ್ಲೂ ಇದೆ ಅನ್ನುವುದು ಅವರ ನೋಟ. ಅದನ್ನು ಲ್ಯಾಟಿನ್‌ಗೆ ತಂದು ಎಲ್ಲರ ಬಾಯಲ್ಲಿ ಕೂರಿಸಿದವನು ರೋಮಿನ ವಾಗ್ಮಿ ಸಿಸೆರೊ. ನಿಜವಾದ ಕಾನೂನು ಅಂದರೆ ನಿಸರ್ಗಕ್ಕೆ ಒಪ್ಪುವ ಸರಿಯಾದ ವಿವೇಕ. ರೋಮಿಗೊಂದು ಅಥೆನ್ಸಿಗೊಂದು ಕಾನೂನು ಇರುವುದಿಲ್ಲ ಅಂತ ಅವನು ಬರೆದ. ಆ ಭಾಗ ಉಳಿದದ್ದೇ ಅದೃಷ್ಟ. ಅದಿದ್ದ ಪುಸ್ತಕದ ಬಹುಭಾಗ ಕಳೆದುಹೋಗಿತ್ತು. ಲಾಕ್ಟಾಂಶಿಯಸ್ ಅನ್ನುವ ಕ್ರೈಸ್ತ ಲೇಖಕ ಅಷ್ಟನ್ನು ತನ್ನ ಪುಸ್ತಕದಲ್ಲಿ ಎತ್ತಿ ಬರೆದಿದ್ದರಿಂದ ನಮಗೆ ಸಿಕ್ಕಿದೆ.

ಎಲ್ಲಿ ನೋಡಿದ್ರೂ ಥಾಮಸ್ ಅಕ್ವಿನಾಸ್ ಹೆಸರೇ ಬರುತ್ತೆ, ಅವರು ಹೇಳಿದ್ದೇನು?

ಅಕ್ವಿನಾಸ್ 1225ರ ಹೊತ್ತಿಗೆ ಇಟಲಿಯಲ್ಲಿ ಹುಟ್ಟಿದ ಡೊಮಿನಿಕನ್ ಸನ್ಯಾಸಿ. 1274ರಲ್ಲಿ ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅವರ ದೊಡ್ಡ ಗ್ರಂಥದಲ್ಲಿ ಕಾನೂನಿಗೆ ಮೀಸಲಾದ ಜಾಗ ತೀರಾ ಚಿಕ್ಕದು. ಅದರಲ್ಲೂ ನೈಸರ್ಗಿಕ ಕಾನೂನಿಗೆಂದೇ ಇರುವುದು ಒಂದೇ ಒಂದು 'ಪ್ರಶ್ನೆ' (ಆ ಗ್ರಂಥದಲ್ಲಿ ಅಧ್ಯಾಯಕ್ಕೆ ಈ ಹೆಸರು). ಅಷ್ಟು ಚಿಕ್ಕ ಜಾಗದಿಂದ ಇಷ್ಟು ದೊಡ್ಡ ಸಂಸಾರ ಬೆಳೆದಿದೆ.

ಅವರು ಕಾನೂನನ್ನು ನಾಲ್ಕು ಬಗೆಯಾಗಿ ನೋಡಿದರು. ದೇವರು ಜಗತ್ತನ್ನು ನಡೆಸುವ ಯೋಜನೆ ಶಾಶ್ವತ ಕಾನೂನು. ಅದರಲ್ಲಿ ಮನುಷ್ಯ ತನ್ನ ವಿವೇಕದಿಂದ ಪಾಲು ಪಡೆಯುವುದು ನೈಸರ್ಗಿಕ ಕಾನೂನು. ಧರ್ಮಗ್ರಂಥದಲ್ಲಿ ತಿಳಿಸಿದ್ದು ದೈವಿಕ ಕಾನೂನು. ನಾವು ಮಾಡಿಕೊಂಡಿದ್ದು ಮಾನವ ಕಾನೂನು. ಕಾನೂನು ಅಂತ ಕರೆಸಿಕೊಳ್ಳಲು ಏನು ಬೇಕು ಅನ್ನುವುದಕ್ಕೂ ಒಂದು ವ್ಯಾಖ್ಯೆ ಕೊಟ್ಟರು: ಅದು ವಿವೇಕದ ಕಟ್ಟಳೆಯಾಗಿರಬೇಕು, ಎಲ್ಲರ ಒಳಿತಿಗಾಗಿ ಇರಬೇಕು, ಸಮುದಾಯದ ಹೊಣೆ ಹೊತ್ತವರು ಮಾಡಿರಬೇಕು, ಜನಕ್ಕೆ ತಿಳಿಸಿರಬೇಕು. ದೇವರ ಮಾತನ್ನು ತೆಗೆದಿಟ್ಟರೂ ಈ ವ್ಯಾಖ್ಯೆ ನಿಲ್ಲುತ್ತದೆ, ಗಮನಿಸಿ.

ನೀತಿಯ ಮೊದಲ ಸೂತ್ರ ಅವರ ಪ್ರಕಾರ "ಒಳ್ಳೆಯದನ್ನು ಮಾಡಬೇಕು, ಬಯಸಬೇಕು, ಕೆಟ್ಟದ್ದನ್ನು ಬಿಡಬೇಕು". ಇಷ್ಟೇನಾ ಅಂತ ಅನ್ನಿಸುತ್ತದೆ. ಮೊದಲ ಸಲ ಓದಿದಾಗ ನನಗೂ ಹಾಗೇ ಅನ್ನಿಸಿತ್ತು. ಆದರೆ ಅದು ನಿಯಮ ಅನ್ನುವುದಕ್ಕಿಂತ ಯೋಚಿಸುವ ಚೌಕಟ್ಟು. ಒಂದೇ ಮಾತು ನಿಜವೂ ಸುಳ್ಳೂ ಆಗಲಾರದು ಅನ್ನುವ ಸೂತ್ರ ತರ್ಕಕ್ಕೆ ಹೇಗೋ, ಮಾಡುವ ಕೆಲಸಕ್ಕೆ ಇದು ಹಾಗೆ. ವಿವರಗಳು ಆಮೇಲೆ ತುಂಬಿಕೊಳ್ಳುತ್ತವೆ: ಜೀವ ಉಳಿಸಿಕೊಳ್ಳುವುದು, ಮಕ್ಕಳನ್ನು ಬೆಳೆಸುವುದು, ಸತ್ಯ ತಿಳಿಯುವುದು, ಜನರ ಜೊತೆ ಬಾಳುವುದು.

ನನ್ನ ಲೆಕ್ಕದಲ್ಲಿ ಅವರ ಅತಿ ಉಪಯೋಗದ ಮಾತು ಬೇರೆಯದೇ. ಮಾನವ ಕಾನೂನು ನೈಸರ್ಗಿಕ ಕಾನೂನಿನಿಂದ ಎರಡು ರೀತಿ ಹೊರಡುತ್ತದೆ ಅಂದರು. ಕೆಲವು ನೇರ ತೀರ್ಮಾನಗಳು: ಯಾರಿಗೂ ಕೇಡು ಮಾಡಬಾರದು, ಆದ್ದರಿಂದ ಕೊಲ್ಲಬಾರದು. ಮಿಕ್ಕವು ನಾವು ಆರಿಸಿ ಗೊತ್ತುಮಾಡಬೇಕಾದವು. ಮನೆಗೆ ಬಾಗಿಲು ಬೇಕು ಅಂತ ಗೊತ್ತು, ಎಷ್ಟು ಎತ್ತರ ಅನ್ನುವುದು ಕಟ್ಟುವವನಿಗೆ ಬಿಟ್ಟದ್ದು. ವಾಹನ ರಸ್ತೆಯ ಎಡಗಡೆ ಹೋಗಬೇಕೋ ಬಲಗಡೆಯೋ ಅಂತ ಯಾವ ನೈಸರ್ಗಿಕ ಕಾನೂನೂ ಹೇಳುವುದಿಲ್ಲ. ಆದರೆ ಒಂದು ಕಡೆ ಅಂತ ಗೊತ್ತಾದ ಮೇಲೆ ಅದನ್ನು ಪಾಲಿಸುವುದು ನೀತಿಯೂ ಹೌದು. ದಪ್ಪ ದಪ್ಪ ಕಾನೂನು ಪುಸ್ತಕಗಳ ಬಹುಪಾಲು ಈ ಎರಡನೇ ಬಗೆಯದೇ.

ದೇವರನ್ನ ನಂಬದೇ ಇದ್ದವರಿಗೆ ಇಲ್ಲಿ ಜಾಗ ಇದೆಯಾ?

ಇದೆ. ಡಚ್ ಪಂಡಿತ ಹ್ಯೂಗೋ ಗ್ರೋಷಿಯಸ್ 1625ರಲ್ಲಿ ಯುದ್ಧ ಮತ್ತು ಶಾಂತಿಯ ಕಾನೂನಿನ ಬಗ್ಗೆ ಬರೆಯುತ್ತಾ ಒಂದು ಮಾತು ಹೇಳಿದರು. ದೇವರಿಲ್ಲ ಅಂತ ಒಪ್ಪಿಕೊಂಡರೂ, ಹಾಗೆ ಒಪ್ಪುವುದು ಮಹಾಪಾಪವೇ ಆದರೂ, ನಾವು ಹೇಳಿದ್ದಕ್ಕೆ ಸ್ವಲ್ಪಮಟ್ಟಿಗೆ ಬೆಲೆ ಇದ್ದೇ ಇರುತ್ತದೆ ಅಂದರು. ಗ್ರೋಷಿಯಸ್ ನಾಸ್ತಿಕರೇನಲ್ಲ. ಕ್ರೈಸ್ತರೊಳಗಿನ ಜಗಳದಲ್ಲೇ ಜೈಲು ಸೇರಿ, 1621ರಲ್ಲಿ ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿ ತಪ್ಪಿಸಿಕೊಂಡು ಬಂದವರು. ಧರ್ಮದ ಹೆಸರಲ್ಲಿ ಹೊಡೆದಾಡುತ್ತಿದ್ದ ಯೂರೋಪಿಗೆ ಎರಡೂ ಕಡೆಯವರು ಒಪ್ಪುವ ನೆಲ ಬೇಕಿತ್ತು. ಆ ನೆಲ ಅವರು ಹುಡುಕುತ್ತಿದ್ದರು.

ಇದಕ್ಕಿಂತ ಹಳೆಯದು ಪ್ಲೇಟೋ ಬರೆದ ಸಂವಾದವೊಂದರ ಪ್ರಶ್ನೆ: ದೇವತೆಗಳಿಗೆ ಮೆಚ್ಚುಗೆ ಅಂತ ಅದು ಒಳ್ಳೆಯದೋ, ಒಳ್ಳೆಯದು ಅಂತ ದೇವತೆಗಳಿಗೆ ಮೆಚ್ಚುಗೆಯೋ? ನೈಸರ್ಗಿಕ ಕಾನೂನಿನವರಲ್ಲಿ ಹೆಚ್ಚಿನವರು ಎರಡನೆಯದರ ಕಡೆ ವಾಲುತ್ತಾರೆ. ಹಾಗೆ ವಾಲಿದ ಮೇಲೆ ನಂಬದವರ ಜೊತೆ ಚರ್ಚೆಗೆ ಅಡ್ಡಿ ಇಲ್ಲ. ಒಳಿತಿಗೆ ಕೊನೆಯ ಆಸರೆ ಏನು ಅನ್ನುವ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ಗುಲಾಮಗಿರಿಯನ್ನೂ ಇದೇ ನೈಸರ್ಗಿಕ ಅಂತ ಸಮರ್ಥಿಸಿದ್ರಲ್ಲ?

ಹೌದು, ಸಮರ್ಥಿಸಿದರು. ಕೆಲವರು ಹುಟ್ಟಿನಿಂದಲೇ ಗುಲಾಮರಾಗಲು ತಕ್ಕವರು ಅಂತ ಅರಿಸ್ಟಾಟಲ್ ಬರೆದ. ಇದನ್ನು ಮುಚ್ಚಿಟ್ಟು ಈ ಪರಂಪರೆಯ ಗುಣಗಾನ ಮಾಡುವುದು ಸರಿಯಲ್ಲ.

ಆದರೆ ಅದೇ ಪರಂಪರೆಯಲ್ಲಿ ಎದುರು ದನಿಯೂ ಉದ್ದಕ್ಕೂ ಇತ್ತು. ನೈಸರ್ಗಿಕ ಕಾನೂನಿನ ಪ್ರಕಾರ ಎಲ್ಲರೂ ಸ್ವತಂತ್ರರಾಗಿ ಹುಟ್ಟುತ್ತಾರೆ, ಗುಲಾಮಗಿರಿ ನಿಸರ್ಗಕ್ಕೆ ವಿರುದ್ಧ ಅಂತ ರೋಮನ್ ಕಾನೂನೇ ಹೇಳಿತು. ಹೇಳಿ, ಗುಲಾಮರ ಮಾರಾಟದ ನಿಯಮಗಳನ್ನು ಪುಟಗಟ್ಟಲೆ ಬರೆಯಿತು! ಎಲ್ಲ ಜನಾಂಗಗಳಲ್ಲೂ ನಡೆದುಬಂದ ರೂಢಿ ಅಂತ ಅದಕ್ಕೊಂದು ಬೇರೆ ಹೆಸರು ಕೊಟ್ಟು ಪಾರಾಯಿತು.

ಈ ಎರಡು ದನಿ ಎದುರೆದುರು ನಿಂತದ್ದು ಸ್ಪೇನಿನಲ್ಲಿ. ಅಮೆರಿಕದ ಮೂಲನಿವಾಸಿಗಳ ನೆಲ ಕಿತ್ತುಕೊಳ್ಳುವುದು ಸರಿಯೇ ಅನ್ನುವ ಪ್ರಶ್ನೆ ಎದ್ದಿತ್ತು. 1539ರಲ್ಲಿ ಸಲಮಾಂಕಾ ವಿಶ್ವವಿದ್ಯಾಲಯದ ಫ್ರಾನ್ಸಿಸ್ಕೊ ಡಿ ವಿಟೋರಿಯ, ಸ್ಪೇನಿನವರು ಬರುವ ಮೊದಲೇ ಆ ಜನ ತಮ್ಮ ಆಸ್ತಿಗೆ ನಿಜವಾದ ಒಡೆಯರಾಗಿದ್ದರು, ಕ್ರೈಸ್ತರಲ್ಲ ಅನ್ನುವುದರಿಂದ ಅದು ಹೋಗುವುದಿಲ್ಲ ಅಂದರು. 1550-51ರಲ್ಲಿ ವಯಾದೊಲಿದ್ ನಗರದಲ್ಲಿ ದೊಡ್ಡ ವಾದವೇ ನಡೆಯಿತು. ಪಂಡಿತ ಸೆಪುಲ್ವೆಡಾ ಅರಿಸ್ಟಾಟಲ್‌ನನ್ನು ಹಿಡಿದು ಆಕ್ರಮಣದ ಪರ ನಿಂತರು. ಪಾದ್ರಿ ಲಾಸ್ ಕಾಸಾಸ್ ಎಲ್ಲ ಮನುಷ್ಯರಲ್ಲೂ ವಿವೇಕ ಇದೆ ಅನ್ನುವುದನ್ನು ಹಿಡಿದು ವಿರೋಧಿಸಿದರು. ಸ್ಪಷ್ಟ ತೀರ್ಪೇನೂ ಹೊರಬರಲಿಲ್ಲ. ಅದೇ ಲಾಸ್ ಕಾಸಾಸ್ ಹಿಂದೆ ಆಫ್ರಿಕಾದಿಂದ ಗುಲಾಮರನ್ನು ತರಿಸಿ ಅಂತ ಸಲಹೆ ಕೊಟ್ಟಿದ್ದರು. ಮುಂದೆ ಅದಕ್ಕಾಗಿ ಪಶ್ಚಾತ್ತಾಪ ಪಟ್ಟು ಬರೆದರು.

'ಸ್ವಭಾವ' ಅನ್ನುವ ಮಾತನ್ನು ಕೆಲವರನ್ನು ಕೆಳಗಿಡಲು ಬಳಸಬಹುದು, ಎಲ್ಲರನ್ನೂ ಒಂದೇ ಮಟ್ಟಕ್ಕೆ ತರಲೂ ಬಳಸಬಹುದು. ಯಾವುದಕ್ಕೆ ಬಳಸುತ್ತಿದ್ದಾರೆ ಅಂತ ನೋಡದೆ ಬರೀ ಆ ಮಾತಿಗೆ ತಲೆಯಾಡಿಸಬೇಡಿ.

ನೈಸರ್ಗಿಕ ಹಕ್ಕು, ನೈಸರ್ಗಿಕ ಕಾನೂನು ಎರಡೂ ಒಂದೇನಾ?

ಒಂದೇ ನಾಣ್ಯದ ಎರಡು ಮುಖ ಅನ್ನುವವರಿದ್ದಾರೆ. ಇಂಗ್ಲಿಷ್ ತತ್ವಜ್ಞಾನಿ ಥಾಮಸ್ ಹಾಬ್ಸ್ 1651ರಲ್ಲಿ ಇದನ್ನು ಖಡಾಖಂಡಿತವಾಗಿ ಬೇರೆ ಮಾಡಿದರು: ಹಕ್ಕು ಅಂದರೆ ಸ್ವಾತಂತ್ರ್ಯ, ಕಾನೂನು ಅಂದರೆ ಕಟ್ಟು. ಅವರ ನಂತರ ಬಂದ ಜಾನ್ ಲಾಕ್ ಎರಡನ್ನೂ ಮತ್ತೆ ಬೆಸೆದರು. ಯಾರೂ ಇನ್ನೊಬ್ಬರ ಜೀವ, ಆರೋಗ್ಯ, ಸ್ವಾತಂತ್ರ್ಯ, ಆಸ್ತಿಗೆ ಕೇಡು ಮಾಡಬಾರದು ಅನ್ನುವುದು ನೈಸರ್ಗಿಕ ಕಾನೂನು. ಹಾಗಾಗಿ ಅವುಗಳ ಮೇಲೆ ನಮಗೆ ಹಕ್ಕಿದೆ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲೂ 1789ರ ಫ್ರೆಂಚ್ ಘೋಷಣೆಯಲ್ಲೂ ಈ ಭಾಷೆಯೇ ಕೇಳುತ್ತದೆ. ಇಂಗ್ಲಿಷ್ ಕಾನೂನು ಚಿಂತಕ ಜೆರೆಮಿ ಬೆಂಥಮ್‌ಗೆ ಇದೆಲ್ಲ ಕೇಳಿ ಮೈ ಉರಿಯಿತು. ನೈಸರ್ಗಿಕ ಹಕ್ಕು ಅನ್ನುವುದೇ ಅಸಂಬದ್ಧ, ಯಾರೂ ಕಿತ್ತುಕೊಳ್ಳಲಾಗದ ನೈಸರ್ಗಿಕ ಹಕ್ಕು ಅನ್ನುವುದು ಮರಗಾಲು ಕಟ್ಟಿಕೊಂಡು ನಡೆಯುವ ಅಸಂಬದ್ಧ ಅಂತ ಬರೆದರು.

## ಕಾನೂನು ಮತ್ತು ನ್ಯಾಯದ ಜಟಾಪಟಿ

'ಅನ್ಯಾಯದ ಕಾನೂನು ಕಾನೂನೇ ಅಲ್ಲ' ಅಂತಾರಲ್ಲ, ಹಾಗಾದ್ರೆ ನನಗಿಷ್ಟ ಇಲ್ಲದ ಕಾನೂನು ಮುರೀಬಹುದಾ?

ಇಷ್ಟವಿಲ್ಲದ್ದು ಬೇರೆ, ಅನ್ಯಾಯದ್ದು ಬೇರೆ. ಇದು ಮೊದಲ ಮಾತು.

ಎರಡನೆಯದು, ಆ ಘೋಷಣೆಯನ್ನು ತೀರಾ ಅಕ್ಷರಶಃ ಹಿಡಿಯಬೇಡಿ. "ಕಷ್ಟಕ್ಕೆ ಆಗದವನು ಗೆಳೆಯನೇ ಅಲ್ಲ" ಅನ್ನುತ್ತೇವಲ್ಲ, ಹಾಗೆ. ಅವನು ನಿಮ್ಮ ಗೆಳೆಯರ ಪಟ್ಟಿಯಲ್ಲಿ ಇರಲೇ ಇಲ್ಲ ಅಂತ ಅರ್ಥವಲ್ಲ. ಗೆಳೆತನದ ಹುರುಳು ಅವನಲ್ಲಿಲ್ಲ ಅಂತ ಅರ್ಥ. ನ್ಯಾಯವಲ್ಲದ ಕಾನೂನು ಕಾನೂನು ಅನ್ನಿಸುವುದಿಲ್ಲ ಅಂತ ಹಳೆಯ ಕ್ರೈಸ್ತ ಚಿಂತಕ ಆಗಸ್ಟೀನ್ ಬರೆದರು. ಅಂಥವು ಕಾನೂನಿಗಿಂತ ಹೆಚ್ಚಾಗಿ ಹಿಂಸೆ ಅಂದರು ಅಕ್ವಿನಾಸ್. ಆದರೆ ಅಕ್ವಿನಾಸ್ ಅಲ್ಲಿಗೇ ನಿಲ್ಲಿಸಲಿಲ್ಲ. ಅನ್ಯಾಯದ ಕಾನೂನು ಮನಸ್ಸಾಕ್ಷಿಯನ್ನು ಕಟ್ಟಿಹಾಕುವುದಿಲ್ಲ. ಆದರೂ ಮುರಿದರೆ ದೊಡ್ಡ ಗಲಭೆ ಆಗುವಂತಿದ್ದರೆ ಸಹಿಸಿಕೊಳ್ಳಬೇಕಾಗಬಹುದು ಅಂತ ಸೇರಿಸಿದರು. ನೇರವಾಗಿ ಕೆಟ್ಟದ್ದನ್ನೇ ಮಾಡು ಅನ್ನುವ ಕಾನೂನಾದರೆ ಮಾತ್ರ ರಾಜಿ ಇಲ್ಲ.

ಈ ವಿಚಾರವನ್ನು ಬೀದಿಗೆ ತಂದ ಅತಿ ಹೆಸರುವಾಸಿ ಬರಹ 1963ರ ಏಪ್ರಿಲ್‌ನದು. ಅಮೆರಿಕದಲ್ಲಿ ಜನಾಂಗಭೇದದ ವಿರುದ್ಧ ಮೆರವಣಿಗೆ ಮಾಡಿ ಬರ್ಮಿಂಗ್‌ಹ್ಯಾಮ್ ಜೈಲಿನಲ್ಲಿದ್ದ ಮಾರ್ಟಿನ್ ಲೂಥರ್ ಕಿಂಗ್, ಆಗಸ್ಟೀನ್, ಅಕ್ವಿನಾಸ್ ಇಬ್ಬರ ಹೆಸರನ್ನೂ ತಮ್ಮ ಪತ್ರದಲ್ಲಿ ಎತ್ತಿದರು. ಜೊತೆಗೇ ಒಂದು ಷರತ್ತು ಹಾಕಿದರು. ಅನ್ಯಾಯದ ಕಾನೂನು ಮುರಿಯುವವನು ಬಹಿರಂಗವಾಗಿ ಮುರಿಯಬೇಕು, ಶಿಕ್ಷೆಗೂ ತಯಾರಿರಬೇಕು. ಟ್ಯಾಕ್ಸ್ ತಪ್ಪಿಸಿ ಕದ್ದು ಕೂರುವವರಿಗೆ ಈ ಪತ್ರದಿಂದ ನೆರವು ಸಿಗುವುದಿಲ್ಲ.

ಪಾಸಿಟಿವಿಸಂ ಅಂದ್ರೇನು? ಅವರಿಗೆ ನ್ಯಾಯ ಬೇಡ್ವಾ?

ಬೇಕು. ಕಾನೂನು ಯಾವುದು ಅನ್ನುವುದು ಒಂದು ಪ್ರಶ್ನೆ, ಅದು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಇನ್ನೊಂದು ಪ್ರಶ್ನೆ, ಎರಡನ್ನೂ ಬೆರೆಸಬೇಡಿ ಅನ್ನುವುದಷ್ಟೇ ಅವರ ಮೂಲ ಮಾತು. 1832ರಲ್ಲಿ ಇಂಗ್ಲೆಂಡಿನ ಜಾನ್ ಆಸ್ಟಿನ್ ಇದನ್ನು ಸ್ಪಷ್ಟವಾಗಿ ಹೇಳಿದರು. ಇಪ್ಪತ್ತನೇ ಶತಮಾನದಲ್ಲಿ ಆಸ್ಟ್ರಿಯಾದ ಹ್ಯಾನ್ಸ್ ಕೆಲ್ಸನ್, ಇಂಗ್ಲೆಂಡಿನ ಎಚ್. ಎಲ್. ಎ. ಹಾರ್ಟ್ ಅದನ್ನು ನಾಜೂಕುಗೊಳಿಸಿದರು. ಪಾಸಿಟಿವಿಸ್ಟರು ಕಲ್ಲುಮನಸ್ಸಿನವರು ಅನ್ನುವುದು ಸುಮ್ನೆ ಹಬ್ಬಿದ ಮಾತು. ಈ ಸಾಲಿನ ಮೊದಲಿಗರಲ್ಲಿ ಒಬ್ಬರಾದ ಬೆಂಥಮ್ ತಮ್ಮ ಕಾಲದ ದೊಡ್ಡ ಸುಧಾರಕ. ಕಾನೂನು ಅಂದ ಮಾತ್ರಕ್ಕೆ ಅದು ಪವಿತ್ರವಲ್ಲ ಅಂತ ಗೊತ್ತಿದ್ದರೆ ತಾನೇ ಅದನ್ನು ಬದಲಿಸಿ ಅನ್ನಲು ಸಾಧ್ಯ ಅನ್ನುವುದು ಅವರ ವಾದ. ಆ ವಾದದಲ್ಲಿ ಹುರುಳಿದೆ.

ನಾಜಿಗಳ ಕಾನೂನೂ ಕಾನೂನೇನಾ?

ಎರಡನೇ ಮಹಾಯುದ್ಧ ಮುಗಿದಾಗ ಇದು ಕೋರ್ಟಿನ ಮುಂದೆಯೇ ಬಂದು ನಿಂತ ಪ್ರಶ್ನೆ. ಗುಸ್ಟಾವ್ ರಾಡ್‌ಬ್ರುಖ್ ಜರ್ಮನಿಯ ಕಾನೂನು ಪ್ರಾಧ್ಯಾಪಕರು, ಹಿಂದೆ ನ್ಯಾಯ ಮಂತ್ರಿಯೂ ಆಗಿದ್ದವರು. 1933ರಲ್ಲಿ ನಾಜಿಗಳು ಅವರನ್ನು ಕೆಲಸದಿಂದ ತೆಗೆದಿದ್ದರು. 1946ರಲ್ಲಿ ಒಂದು ಲೇಖನ ಬರೆದು, ಈಗ ಅವರದೇ ಹೆಸರಿನಿಂದ ಕರೆಯುವ ಸೂತ್ರ ಕೊಟ್ಟರು. ಸಾಮಾನ್ಯವಾಗಿ ಬರೆದ ಕಾನೂನು ಅನ್ಯಾಯದ್ದಾದರೂ ನಡೆಯಬೇಕು, ಯಾಕೆಂದರೆ ನಿಶ್ಚಿತತೆಗೂ ಬೆಲೆ ಇದೆ. ಆದರೆ ಅನ್ಯಾಯ ಸಹಿಸಲಾಗದ ಮಟ್ಟ ಮುಟ್ಟಿದರೆ ಕಾನೂನು ನ್ಯಾಯಕ್ಕೆ ದಾರಿ ಬಿಡಬೇಕು. ಮನುಷ್ಯರ ಸಮಾನತೆಯನ್ನು ಬೇಕಂತಲೇ ತುಳಿದ ಕಡೆ ಅದು ಕಾನೂನು ಅನ್ನುವ ಹೆಸರಿಗೇ ಲಾಯಕ್ಕಲ್ಲ.

ಈ ಚರ್ಚೆಯಲ್ಲಿ ತಪ್ಪದೆ ಬರುವ ಕೇಸೊಂದಿದೆ. 1944ರಲ್ಲಿ ರಜೆಯ ಮೇಲೆ ಮನೆಗೆ ಬಂದ ಸೈನಿಕನೊಬ್ಬ ಹೆಂಡತಿಯ ಮುಂದೆ ಹಿಟ್ಲರ್‌ನನ್ನು ಬೈದ. ಗಂಡನಿಂದ ಬಿಡಿಸಿಕೊಳ್ಳಬೇಕು ಅಂತಿದ್ದ ಹೆಂಡತಿ ದೂರು ಕೊಟ್ಟಳು. ಆಗಿನ ಕಾನೂನಿನಂತೆ ಅವನಿಗೆ ಮರಣದಂಡನೆಯಾಯಿತು. ಕೊಲ್ಲದೆ ಯುದ್ಧದ ಮುಂಚೂಣಿಗೆ ಕಳಿಸಿದರು. 1949ರಲ್ಲಿ ಹೆಂಡತಿಯೇ ಕಟಕಟೆಗೆ ಬಂದಳು. ನಾನು ಕಾನೂನು ಪ್ರಕಾರವೇ ದೂರು ಕೊಟ್ಟೆ ಅನ್ನುವುದು ಅವಳ ವಾದ. ಕೋರ್ಟ್ ಒಪ್ಪಲಿಲ್ಲ.

1958ರಲ್ಲಿ ಪಾಸಿಟಿವಿಸ್ಟ್ ಹಾರ್ಟ್ ಈ ಕೇಸನ್ನು ಎತ್ತಿಕೊಂಡರು. ಅವಳನ್ನು ಶಿಕ್ಷಿಸಲೇಬೇಕಿದ್ದರೆ ಹೊಸ ಕಾನೂನು ಮಾಡಿ, ಅದು ಹಿಂದಿನ ಕೃತ್ಯಕ್ಕೂ ಅನ್ವಯಿಸುತ್ತದೆ ಅಂತ ಬಾಯಿಬಿಟ್ಟು ಹೇಳಿ. ಆಗಿದ್ದ ಕಾನೂನು ಕಾನೂನೇ ಆಗಿರಲಿಲ್ಲ ಅಂತ ನಟಿಸಬೇಡಿ ಅಂದರು. ಅಮೆರಿಕದ ಕಾನೂನು ಪ್ರಾಧ್ಯಾಪಕ ಲಾನ್ ಫುಲ್ಲರ್ ಅದೇ ಪತ್ರಿಕೆಯ ಅದೇ ಸಂಪುಟದಲ್ಲಿ ಉತ್ತರ ಕೊಟ್ಟರು. ಗುಟ್ಟಿನ ಆದೇಶ, ಹಿಂದಿನಿಂದ ಜಾರಿಯಾಗುವ ಕಾಯ್ದೆ, ಬರೆದದ್ದನ್ನು ಅಧಿಕಾರಿಗಳೇ ಗಾಳಿಗೆ ತೂರುವುದು, ಇಷ್ಟೆಲ್ಲ ಇದ್ದ ಕಡೆ ಕಾನೂನು ಇತ್ತು ಅಂತ ಯಾವ ಬಾಯಲ್ಲಿ ಹೇಳುತ್ತೀರಿ ಅನ್ನುವುದು ಅವರ ಪ್ರಶ್ನೆ. ಒಂದು ಅಡ್ಡಮಾತು: ನಾಜಿ ಕಾಯ್ದೆಯೇ ಅಸಿಂಧು ಅಂತ ಕೋರ್ಟ್ ತೀರ್ಪು ಕೊಟ್ಟಿತು ಅಂತ ಹಾರ್ಟ್ ತಿಳಿದಿದ್ದರು. ನಿಜವಾದ ತೀರ್ಪು ಹಾಗಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಚರ್ಚೆ ಅಷ್ಟರಲ್ಲಿ ತನ್ನ ಕಾಲ ಮೇಲೆ ನಿಂತುಬಿಟ್ಟಿತ್ತು.

ಇದು ಹಳೆಯ ಕಥೆಯಾಗಿ ಮುಗಿಯಲಿಲ್ಲ. ಬರ್ಲಿನ್ ಗೋಡೆ ಬಿದ್ದ ಮೇಲೆ, ಗಡಿ ದಾಟುವವರಿಗೆ ಗುಂಡಿಕ್ಕಿದ ಪೂರ್ವ ಜರ್ಮನಿಯ ಕಾವಲುಗಾರರ ಕೇಸುಗಳಲ್ಲಿ ಜರ್ಮನ್ ಕೋರ್ಟುಗಳು ರಾಡ್‌ಬ್ರುಖ್ ಸೂತ್ರವನ್ನು ಮತ್ತೆ ಕೈಗೆತ್ತಿಕೊಂಡವು. 1996ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವೂ ಆ ಶಿಕ್ಷೆಗಳನ್ನು ಎತ್ತಿಹಿಡಿಯಿತು.

ಕಾನೂನಿನ ಒಳಗೇ ನೀತಿ ಇದೆ ಅಂತಾರಲ್ಲ ಫುಲ್ಲರ್, ಅದು ಹೇಗೆ?

1964ರ ತಮ್ಮ ಪುಸ್ತಕದಲ್ಲಿ ಅವರು ರೆಕ್ಸ್ ಅನ್ನುವ ಒಬ್ಬ ರಾಜನ ಕಥೆ ಕಟ್ಟಿದ್ದಾರೆ. ಒಳ್ಳೆಯ ಮನಸ್ಸಿನವನು, ಆದರೆ ಕಾನೂನು ಮಾಡಲು ಹೋಗಿ ಪ್ರತಿ ಸಲವೂ ಎಡವುತ್ತಾನೆ. ಮೊದಲು ನಿಯಮವೇ ಇಲ್ಲದೆ ಒಂದೊಂದು ಕೇಸಿಗೆ ತೋಚಿದಂತೆ ತೀರ್ಪು ಕೊಡುತ್ತಾನೆ. ಆಮೇಲೆ ನಿಯಮ ಬರೆದು ಗುಟ್ಟಾಗಿಡುತ್ತಾನೆ. ವರ್ಷ ಕಳೆದ ಮೇಲೆ ಆ ವರ್ಷದ ವ್ಯಾಜ್ಯಗಳನ್ನೆಲ್ಲ ತೀರ್ಮಾನಿಸಿ, ನಿಯಮವನ್ನು ಹಿಂದಿನದಕ್ಕೆ ಅನ್ವಯಿಸಲು ನೋಡುತ್ತಾನೆ. ಹೊರಗೆ ಬಿಟ್ಟದ್ದು ಯಾರಿಗೂ ಅರ್ಥವಾಗುವುದಿಲ್ಲ. ಅರ್ಥವಾಗುವಂತೆ ಬರೆದರೆ ಒಂದಕ್ಕೊಂದು ಹೊಂದುವುದಿಲ್ಲ. ಹೊಂದಿಸಿದರೆ ಪಾಲಿಸಲು ಆಗದಂಥದ್ದು. ಅದನ್ನೂ ಸರಿಮಾಡಿದರೆ ದಿನಕ್ಕೊಂದು ತಿದ್ದುಪಡಿ. ಕೊನೆಗೆ ಎಲ್ಲ ಸರಿಯಾದಾಗ ಅವನ ತೀರ್ಪುಗಳಿಗೂ ಬರೆದದ್ದಕ್ಕೂ ಸಂಬಂಧವೇ ಇರುವುದಿಲ್ಲ.

ಈ ಎಂಟರಲ್ಲಿ ಯಾವುದಾದರೂ ಒಂದು ಪೂರ್ತಿ ಕೈಕೊಟ್ಟರೂ ಸಿಗುವುದು ಕೆಟ್ಟ ಕಾನೂನಲ್ಲ, ಕಾನೂನೇ ಅಲ್ಲ ಅನ್ನುತ್ತಾರೆ ಫುಲ್ಲರ್. ಹಾರ್ಟ್ ಅವರ ಕುಟುಕು ಬೇರೆ: ಇವೆಲ್ಲ ಬರೀ ಕುಶಲತೆಯ ಸೂತ್ರಗಳು, ವಿಷ ಹಾಕುವುದಕ್ಕೂ ಕುಶಲತೆ ಇರುತ್ತದೆ, ಹಾಗಂತ ಅದನ್ನು ನೀತಿ ಅನ್ನುತ್ತೀರಾ? ಒಳ್ಳೆಯ ಏಟು. ಆದರೂ ನನಗೆ ಫುಲ್ಲರ್ ಕಡೆಯೇ ವಾಲಿಕೆ. ಏನು ಮಾಡಿದರೆ ಶಿಕ್ಷೆ ಅಂತ ಮೊದಲೇ ತಿಳಿಸುವುದರಲ್ಲಿ, ಎದುರಿಗಿರುವವನು ಯೋಚಿಸಿ ನಡೆಯಬಲ್ಲ ಮನುಷ್ಯ ಅನ್ನುವ ಗೌರವ ಇದೆ. ವಿಷ ಹಾಕುವವನಿಗೆ ಆ ಗೌರವ ಇರುವುದಿಲ್ಲ.

ಕಾಯ್ದೆಯಲ್ಲಿ ಏನೂ ಬರೆದಿಲ್ಲ ಅಂದಾಗ ನ್ಯಾಯಾಧೀಶರು ನೀತಿ ನೋಡಿ ತೀರ್ಪು ಕೊಡಬಹುದಾ?

1889ರಲ್ಲಿ ನ್ಯೂಯಾರ್ಕಿನ ಒಂದು ಕೇಸು. ಉಯಿಲಿನಲ್ಲಿ ತನ್ನ ಹೆಸರಿದೆ ಅಂತ ಗೊತ್ತಿದ್ದ ಮೊಮ್ಮಗ, ತಾತ ಅದನ್ನು ಬದಲಿಸುವ ಮೊದಲೇ ವಿಷ ಹಾಕಿ ಕೊಂದ. ಉಯಿಲು ಕಾನೂನಿಗೆ ಸರಿಯಾಗಿಯೇ ಇತ್ತು. ಕೊಂದವನಿಗೆ ಆಸ್ತಿ ಇಲ್ಲ ಅಂತ ಕಾಯ್ದೆಯಲ್ಲಿ ಎಲ್ಲೂ ಬರೆದಿರಲಿಲ್ಲ. ತನ್ನ ತಪ್ಪಿನಿಂದ ಯಾರೂ ಲಾಭ ಪಡೆಯಬಾರದು ಅನ್ನುವ ತತ್ವ ಹಿಡಿದು ಕೋರ್ಟ್ ಆಸ್ತಿ ನಿರಾಕರಿಸಿತು. ಒಬ್ಬ ನ್ಯಾಯಾಧೀಶರು ಭಿನ್ನ ತೀರ್ಪು ಬರೆದರು. ಅಮೆರಿಕದ ಕಾನೂನು ತತ್ವಜ್ಞಾನಿ ರೊನಾಲ್ಡ್ ಡ್ವಾರ್ಕಿನ್ ಇದನ್ನೇ ಹಿಡಿದು, ಇಂಥ ತತ್ವಗಳೂ ಕಾನೂನಿನ ಭಾಗವೇ, ಹೊರಗಿನಿಂದ ತಂದದ್ದಲ್ಲ ಅಂತ ವಾದಿಸಿದರು. ಅವರನ್ನು ನೈಸರ್ಗಿಕ ಕಾನೂನಿನವರು ಅನ್ನಬಹುದೇ ಅನ್ನುವುದರಲ್ಲೇ ಒಮ್ಮತ ಇಲ್ಲ.

## ತಲೆ ತಿನ್ನುವ ಪ್ರಶ್ನೆಗಳು

'ಇದೆ' ಅನ್ನೋದರಿಂದ 'ಇರಬೇಕು' ಅಂತ ಹೇಳೋಕೆ ಆಗಲ್ಲ ಅಂತ ಹ್ಯೂಮ್ ಹೇಳಿ ಮುಗಿಸಿಬಿಟ್ರಲ್ಲ?

ಮುಗಿಸಲಿಲ್ಲ, ಕೆಲಸ ಹೆಚ್ಚಿಸಿದರು. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಅವರ ಆ ಮಾತು 1740ರಷ್ಟು ಹಳೆಯದು. ಲೇಖಕರು "ಹೀಗಿದೆ, ಹೀಗಿದೆ" ಅನ್ನುತ್ತಾ ಹೋಗಿ, ನೋಡನೋಡುತ್ತ "ಹೀಗಿರಬೇಕು" ಅನ್ನಲು ಶುರುಮಾಡುತ್ತಾರೆ, ನಡುವಿನ ಸೇತುವೆ ಎಲ್ಲಿ ಅನ್ನುವುದು ಅವರ ಆಕ್ಷೇಪ. "ಮನುಷ್ಯನಿಗೆ ಈ ಅಂಗ ಇರುವುದು ಇದಕ್ಕಾಗಿ, ಆದ್ದರಿಂದ ಬೇರೆಯದಕ್ಕೆ ಬಳಸಬಾರದು" ಅನ್ನುವಂಥ ವಾದಗಳು ಈ ಏಟಿಗೆ ಉಳಿಯುವುದಿಲ್ಲ. ಉಳಿಯಬಾರದು ಕೂಡ.

ಉತ್ತರಗಳು ಎರಡು ದಿಕ್ಕಿನಿಂದ ಬಂದಿವೆ. ನೈಸರ್ಗಿಕ ಕಾನೂನಿನ ಈಚಿನ ಚಿಂತಕರಾದ ಜರ್ಮೈನ್ ಗ್ರಿಸೆ, ಜಾನ್ ಫಿನಿಸ್ ಅವರದು ಒಂದು. ಹ್ಯೂಮ್ ಸರಿ, ಆದರೆ ನಾವು 'ಇದೆ'ಯಿಂದ ಹೊರಟೇ ಇಲ್ಲ ಅನ್ನುತ್ತಾರೆ ಅವರು. ತಿಳಿವಳಿಕೆ ಒಳ್ಳೆಯದು, ಅಜ್ಞಾನಕ್ಕಿಂತ ಮೇಲು ಅನ್ನುವುದನ್ನು ಬೇರೆ ಯಾವುದರಿಂದಲೂ ಸಾಧಿಸಬೇಕಿಲ್ಲ. ಅದನ್ನು ಅಲ್ಲಗಳೆಯಲು ವಾದಕ್ಕೆ ಕೂತವನೂ ಸತ್ಯ ತಿಳಿಯುವುದು ಮುಖ್ಯ ಅಂತ ಒಪ್ಪಿಯೇ ಕೂತಿರುತ್ತಾನೆ. 1980ರ ಪುಸ್ತಕದಲ್ಲಿ ಫಿನಿಸ್ ಇಂಥ ಏಳು ಮೂಲ ಒಳಿತುಗಳನ್ನು ಹೆಸರಿಸಿದರು: ಜೀವ, ಜ್ಞಾನ, ಆಟ, ಸೌಂದರ್ಯದ ಅನುಭವ, ಗೆಳೆತನ, ವಿವೇಕದಿಂದ ಬದುಕು ರೂಪಿಸಿಕೊಳ್ಳುವುದು, ಧರ್ಮಶ್ರದ್ಧೆ. ಈ ಪಟ್ಟಿಯಲ್ಲಿ ಆಟಕ್ಕೂ ಜಾಗ ಸಿಕ್ಕಿರುವುದು ನನಗೆ ಬಹಳ ಇಷ್ಟ.

ಇನ್ನೊಂದು ದಿಕ್ಕು ಅರಿಸ್ಟಾಟಲ್‌ನದು. ಇಂಗ್ಲಿಷ್ ತತ್ವಜ್ಞಾನಿ ಫಿಲಿಪಾ ಫೂಟ್ 2001ರಲ್ಲಿ ಅದನ್ನು ಹೊಸದಾಗಿ ಹಿಡಿದರು. ಜೀವಿಗಳ ಬಗ್ಗೆ ಮಾತಾಡುವಾಗ 'ಇದೆ' ಮತ್ತು 'ಇರಬೇಕು' ಅಷ್ಟು ದೂರ ಇಲ್ಲ. ಮರಕ್ಕೆ ಬೇರು ಗಟ್ಟಿಯಾಗಿರಬೇಕು ಅನ್ನುವುದು ನಮ್ಮ ಇಷ್ಟ ಅಲ್ಲ, ಮರ ಎಂಥ ಜೀವಿ ಅನ್ನುವುದರಲ್ಲೇ ಅಡಗಿದ ಮಾತು. ಮನುಷ್ಯನಿಗೆ ಪ್ರಾಮಾಣಿಕತೆಯೂ ಹಾಗೆ. ಈ ವಾದ ಸುಂದರವಾಗಿದೆ. ಆದರೆ ನನ್ನ ಜಾತಿಯ ಜೀವಿಗೆ ಒಳ್ಳೆಯದು ಅಂದ ಮಾತ್ರಕ್ಕೆ ನಾನೇಕೆ ಅದಕ್ಕೆ ಕಟ್ಟುಬೀಳಬೇಕು ಅನ್ನುವ ಪ್ರಶ್ನೆಗೆ ಅದು ಸಾಕಷ್ಟು ಉತ್ತರ ಕೊಡುತ್ತದೆ ಅಂತ ನನಗೆ ಅನ್ನಿಸಿಲ್ಲ.

ಎಲ್ಲರಿಗೂ ತಿಳಿಯೋದಾದ್ರೆ ಒಂದೊಂದು ಕಡೆ ಒಂದೊಂದು ನೀತಿ ಯಾಕೆ?

ಈ ಪ್ರಶ್ನೆ ಹೊಸಕಾಲದ್ದು ಅಂತ ಕೇಳುವವರು ತಿಳಿದಿರುತ್ತಾರೆ. ಅಕ್ವಿನಾಸ್‌ಗೇ ಇದು ಗೊತ್ತಿತ್ತು. ಜರ್ಮನ್ ಬುಡಕಟ್ಟುಗಳಲ್ಲಿ ಕಳ್ಳತನವನ್ನು ತಪ್ಪು ಅಂತ ಎಣಿಸುತ್ತಿರಲಿಲ್ಲ ಅನ್ನುವ ಉದಾಹರಣೆಯನ್ನು ಜೂಲಿಯಸ್ ಸೀಸರ್‌ನ ಬರಹದಿಂದ ಅವರೇ ಕೊಟ್ಟಿದ್ದಾರೆ. ಕೆಟ್ಟ ಅಭ್ಯಾಸ, ಆಸೆ, ರೂಢಿಗಳಿಂದ ವಿವೇಕಕ್ಕೆ ಮಂಕು ಕವಿಯುತ್ತದೆ ಅನ್ನುವುದು ಅವರ ಒಂದು ಉತ್ತರ.

ಇನ್ನೊಂದು ಉತ್ತರ ಇದಕ್ಕಿಂತ ಚೆನ್ನಾಗಿದೆ. ಮೂಲಸೂತ್ರಗಳು ಎಲ್ಲ ಕಡೆ ಒಂದೇ, ವಿವರಕ್ಕೆ ಇಳಿದಷ್ಟೂ ತಪ್ಪುವ ಸಂದರ್ಭಗಳು ಜಾಸ್ತಿ. ಇಟ್ಟುಕೊಳ್ಳಲು ಕೊಟ್ಟ ವಸ್ತುವನ್ನು ಕೇಳಿದಾಗ ವಾಪಸ್ ಕೊಡಬೇಕು, ಸರಿ. ಆದರೆ ಕೇಳುತ್ತಿರುವವನು ಅದನ್ನು ತನ್ನ ನಾಡಿನ ಮೇಲೇ ಯುದ್ಧಕ್ಕೆ ಬಳಸುವವನಾಗಿದ್ದರೆ? ಕೊಡಬಾರದು. ನಿಯಮ ಸುಳ್ಳಾಗಲಿಲ್ಲ, ಅದು ಯಾಕಿತ್ತೋ ಆ ಕಾರಣ ಇಲ್ಲಿ ಇಲ್ಲ. ಒಪ್ಪಿಗೆ ಇಲ್ಲ ಅಂದ ಮಾತ್ರಕ್ಕೆ ಸತ್ಯ ಇಲ್ಲ ಅಂತಾಗುವುದಿಲ್ಲ. ಆದರೂ ಭಿನ್ನಾಭಿಪ್ರಾಯ ಇಷ್ಟು ಆಳವಾಗಿರುವಾಗ 'ಎಲ್ಲರಿಗೂ ತಿಳಿಯುತ್ತದೆ' ಅನ್ನುವ ಧೈರ್ಯದ ಮಾತನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳುವುದು ವಾಸಿ.

ಗರ್ಭನಿರೋಧಕ, ಸಲಿಂಗ ಸಂಬಂಧ ಎಲ್ಲಾ ತಪ್ಪು ಅನ್ನೋರ ವಾದ ತಾನೇ ಇದು?

ಅವರ ವಾದವೂ ಹೌದು, ಅವರದೊಂದೇ ಅಲ್ಲ. 1968ರಲ್ಲಿ ಪೋಪ್ ಆರನೇ ಪಾಲ್ ಕೃತಕ ಗರ್ಭನಿರೋಧ ತಪ್ಪು ಅಂತ ಹೊರಡಿಸಿದ ಪತ್ರ ನೈಸರ್ಗಿಕ ಕಾನೂನಿನ ಹೆಸರೆತ್ತಿತು. ಕ್ಯಾಥೊಲಿಕ್ ಚಿಂತಕರಲ್ಲೇ ದೊಡ್ಡ ಜಗಳ ಎದ್ದಿತು. ಫಿನಿಸ್ ತೀರ್ಮಾನಗಳಲ್ಲಿ ಚರ್ಚಿನ ಜೊತೆಗೇ ಇದ್ದಾರೆ, ಆದರೆ ಅಂಗದ ಉದ್ದೇಶ ಹಿಡಿದು ವಾದಿಸುವ ಹಳೆಯ ದಾರಿಯನ್ನು ಅವರೂ ತಿರಸ್ಕರಿಸುತ್ತಾರೆ. ಅದೇ ಮೂಲ ಒಳಿತುಗಳಿಂದ ಹೊರಟು, ಗೆಳೆತನ ಮತ್ತು ಬಾಳ್ವೆಯ ಒಳಿತು ಸಲಿಂಗ ಜೋಡಿಗೂ ಅಷ್ಟೇ ಸಲ್ಲುತ್ತದೆ ಅನ್ನುವವರಿದ್ದಾರೆ. ಅವರ ವಾದವೇ ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ.

ಮಾನವ ಹಕ್ಕುಗಳ ಘೋಷಣೆ ಬಂದ ಮೇಲೂ ಈ ಹಳೇ ವಿಚಾರ ಯಾಕೆ ಬೇಕು?

1948ರ ಘೋಷಣೆಯ ಹಿಂದಿನ ಚರ್ಚೆಗಳಲ್ಲಿದ್ದ ಫ್ರೆಂಚ್ ತತ್ವಜ್ಞಾನಿ ಜಾಕ್ ಮಾರಿಟೇನ್ ಒಂದು ಪ್ರಸಂಗ ಬರೆದಿದ್ದಾರೆ. ಒಬ್ಬರಿಗೊಬ್ಬರು ಆಗದ ಸಿದ್ಧಾಂತದವರೆಲ್ಲ ಸೇರಿ ಹಕ್ಕುಗಳ ಪಟ್ಟಿಗೆ ಒಪ್ಪಿದ್ದು ನೋಡಿ ಯಾರೋ ಬೆರಗಾದರಂತೆ. ಹೌದು, ಒಪ್ಪುತ್ತೇವೆ, ಯಾಕೆ ಅಂತ ಮಾತ್ರ ಯಾರೂ ಕೇಳಬಾರದು ಅನ್ನುವ ಉತ್ತರ ಬಂತಂತೆ.

ಪಟ್ಟಿ ಮಾಡುವಾಗ ಈ ಜಾಣತನ ಸಾಕು. ಎರಡು ಹಕ್ಕುಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಸಾಲದು. ಯಾವುದು ಮೊದಲು ಅಂತ ಗೊತ್ತುಮಾಡಲು 'ಯಾಕೆ' ಅಂತ ಕೇಳಲೇಬೇಕು. ಹಾಗೆ ಕೇಳುತ್ತ ಕೂತವರು ಪಾಸಿಟಿವಿಸ್ಟರೇ ಆಗಿರಲಿ, ಬೇಡ ಬೇಡ ಅಂದರೂ ಆಂಟಿಗನಿ ನಿಂತಿದ್ದ ಜಾಗಕ್ಕೆ ಬಂದು ನಿಂತಿರುತ್ತಾರೆ.